ಕಾಲು ಎಳೆಯುವುದು, ಕೈಹಿಡಿತ ತಪ್ಪುವುದು: ತೊಂದರೆ ನರದ್ದೇ ಎಂದು ಗುರುತಿಸುವ ಬಗೆ

ಇಡೀ ದಿನ ಕುಕ್ಕರುಗಾಲಲ್ಲಿ ಕೂತು ಕಡಲೆಕಾಯಿ ಬಿಡಿಸಿ ಸಂಜೆ ಎದ್ದರೆ, ನಡೆಯುವಾಗ ಒಂದು ಕಾಲಿನ ಚಪ್ಪಲಿ ನೆಲಕ್ಕೆ ಪಟ್ ಪಟ್ ಎಂದು ಬಡಿಯುತ್ತದೆ. ಮುಂಗಾಲು ಮೇಲೇಳುತ್ತಿಲ್ಲ. ನೋವು ಮಾತ್ರ ಏನೂ ಇಲ್ಲ. "ಜೋಮು ಹಿಡಿದಿದೆ, ಬೆಳಗ್ಗೆಗೆ ಸರಿಹೋಗುತ್ತೆ" ಎಂದು ಮಲಗುತ್ತಾರೆ. ಬೆಳಗ್ಗೆಯೂ ಹಾಗೇ ಇದ್ದರೆ ಎಣ್ಣೆ ತಿಕ್ಕುತ್ತಾರೆ, ವಾರ ಕಳೆದರೆ ಕಟ್ಟು ಹಾಕಿಸುತ್ತಾರೆ, ತಿಂಗಳಾದ ಮೇಲೆ ಸೊಂಟದ ಸ್ಕ್ಯಾನಿಂಗ್ ಮಾಡಿಸುತ್ತಾರೆ. ಅಷ್ಟು ಹೊತ್ತೂ ತೊಂದರೆ ಇದ್ದದ್ದು ಸೊಂಟದಲ್ಲಲ್ಲ. ಮೊಣಕಾಲಿನ ಹೊರಬದಿಯಲ್ಲಿ, ಚರ್ಮದ ಕೆಳಗೇ ಮೂಳೆಯನ್ನು ಸುತ್ತಿ ಹೋಗುವ ಒಂದು ನರದಲ್ಲಿ.

ನರಕ್ಕೆ ಪೆಟ್ಟಾಗಿ ಸ್ನಾಯು ಸೋತಾಗ ಎಲ್ಲರನ್ನೂ ದಾರಿ ತಪ್ಪಿಸುವುದು ನೋವು. ನೋವಿದ್ದರೆ ಆಸ್ಪತ್ರೆ, ಇಲ್ಲದಿದ್ದರೆ ಮನೆ ಎನ್ನುವ ನಮ್ಮ ಲೆಕ್ಕ ಇಲ್ಲಿ ತಲೆಕೆಳಗು. ಡಿಸ್ಕ್ ಜಾರಿ ತಿಂಗಳುಗಟ್ಟಲೆ ಕಾಲು ಸೆಳೆಯುತ್ತಿದ್ದವರಿಗೆ ಒಂದು ದಿನ ಸೆಳೆತ ಪೂರ್ತಿ ನಿಂತು, ಅದೇ ಹೊತ್ತಿಗೆ ಕಾಲಿನ ಹೆಬ್ಬೆರಳು ಮೇಲೇಳದಂತಾದರೆ ಅದು ವಾಸಿಯಾದ ಲಕ್ಷಣವಲ್ಲ. ನೋವಿನ ಸುದ್ದಿ ಒಯ್ಯುವ ಶಕ್ತಿಯೂ ಆ ನರಕ್ಕೆ ಉಳಿದಿಲ್ಲ ಎಂದು ಅರ್ಥ. ಎಷ್ಟು ನೋಯುತ್ತದೆ ಎಂಬುದು ಆಮೇಲಿನ ಮಾತು, ಯಾವ ಕೆಲಸ ಆಗುತ್ತಿಲ್ಲ ಎಂಬುದನ್ನು ಮೊದಲು ನೋಡಬೇಕು.

ಯಾವ ನರ?

ಕನ್ನಡದಲ್ಲಿ "ನರ" ಎಂಬ ಒಂದೇ ಪದ ಮೂರು ಬೇರೆ ಬೇರೆ ವಸ್ತುಗಳಿಗೆ ಬಳಕೆಯಾಗುತ್ತದೆ. ಗ್ಲೂಕೋಸ್ ಹಾಕಲು ನರ ಸಿಗುತ್ತಿಲ್ಲ ಎಂದರೆ ಅದು ರಕ್ತನಾಳ. ಮೀನಖಂಡದ ಮೇಲೆ ಹಾವಿನಂತೆ ಉಬ್ಬಿ ಕಾಣುವ ನೀಲಿ ನರವೂ ರಕ್ತನಾಳವೇ. ಮಣಿಕಟ್ಟಿನಲ್ಲಿ ಬಿಗಿಯಾಗಿ ಎದ್ದು ಕಾಣುವ ಹುರಿ ಸ್ನಾಯುವಿನ ತುದಿ. ಇಲ್ಲಿ ಹೇಳುತ್ತಿರುವ ನರ ಇವು ಯಾವುದೂ ಅಲ್ಲ; ಮಿದುಳು, ಬೆನ್ನುಹುರಿಯಿಂದ ಹೊರಟು ಸ್ನಾಯುವಿಗೆ ಅಪ್ಪಣೆ ಒಯ್ಯುವ, ಚರ್ಮದಿಂದ ಸುದ್ದಿ ತರುವ ತಂತಿ. ಹೊರಗೆ ಕಾಣುವುದಿಲ್ಲ. ಉಬ್ಬಿದ ರಕ್ತನಾಳ ತೋರಿಸಿ "ನರ ದಪ್ಪ ಆಗಿದೆ, ಅದಕ್ಕೇ ಶಕ್ತಿ ಇಲ್ಲ" ಎಂದರೆ ಡಾಕ್ಟರೂ ಬೇರೆ ದಾರಿ ಹಿಡಿಯಬಹುದು. ಇನ್ನು ಬಸ್‌ಸ್ಟ್ಯಾಂಡ್ ಗೋಡೆಗಳ ಮೇಲಿನ "ನರ ದೌರ್ಬಲ್ಯ" ಜಾಹೀರಾತುಗಳ ವಿಷಯವೇ ಬೇರೆ, ಅದಕ್ಕೂ ಇದಕ್ಕೂ ಸಂಬಂಧವಿಲ್ಲ.

ಸುಸ್ತೋ, ನೋವೋ, ನಿಜವಾಗಿ ಶಕ್ತಿ ಹೋಗಿದೆಯೋ

"ಶಕ್ತಿ ಇಲ್ಲ" ಎನ್ನುವವರಲ್ಲಿ ಹೆಚ್ಚಿನವರಿಗೆ ಇರುವುದು ಸುಸ್ತು. ರಕ್ತ ಕಡಿಮೆ, ಥೈರಾಯ್ಡ್, ನಿದ್ದೆ ಇಲ್ಲದಿರುವುದು, ಜ್ವರ ಬಂದು ಬಿಟ್ಟಿರುವುದು, ಕಾರಣ ಏನೇ ಇರಬಹುದು. ಸುಸ್ತಾದವರು ಒಂದು ಸಲ ಜೋರು ಹಾಕಿ ಒತ್ತಿ ಎಂದರೆ ಒತ್ತುತ್ತಾರೆ. ನರ ಸೋತವರಿಗೆ ಎಷ್ಟು ಮನಸ್ಸು ಮಾಡಿದರೂ ಒತ್ತಲಾಗದು. ಕೀಲು ನೋವಿನವರು ಒಂದು ಕ್ಷಣ ಪೂರ್ತಿ ಬಲ ಕೊಟ್ಟು "ಅಯ್ಯೋ" ಎಂದು ಬಿಡುತ್ತಾರೆ. ನರದ್ದಾದರೆ ಬಲ ಮೊದಲಿನಿಂದ ಕೊನೆಯವರೆಗೂ ಒಂದೇ ಸಮ ಕಮ್ಮಿ.

ಡಾಕ್ಟರರು ಬಲವನ್ನು 0ರಿಂದ 5ರವರೆಗೆ ಅಳೆಯುತ್ತಾರೆ. ಮನೆಯಲ್ಲೂ ಅದೇ ಅಳತೆ ಸಾಕು. ಏನೂ ಅಲುಗದಿದ್ದರೆ 0. ಸ್ನಾಯು ಸ್ವಲ್ಪ ಮಿಡಿದು ಕೀಲು ಅಲುಗದಿದ್ದರೆ 1. ಹಾಸಿಗೆಯ ಮೇಲೆ ಜಾರಿಸಲು ಆಗಿ, ಎತ್ತಲು ಆಗದಿದ್ದರೆ 2. ಭಾರವಿಲ್ಲದೆ ಬರೀ ಕೈಯನ್ನೋ ಕಾಲನ್ನೋ ಎತ್ತಲು ಆದರೆ 3. ಎತ್ತಿದ್ದು ಇನ್ನೊಬ್ಬರು ಒತ್ತಿದಾಗ ಸ್ವಲ್ಪ ತಡೆದು ಆಮೇಲೆ ಬಿದ್ದುಹೋದರೆ 4. ಒತ್ತಿದರೂ ನಿಂತರೆ 5. ಪ್ರತಿ ಸಲವೂ ಎಡ, ಬಲ ಎರಡನ್ನೂ ನೋಡಿ. ಇನ್ನೊಂದು ಬದಿಯೇ ನಿಮ್ಮ ತೂಕದ ಬಟ್ಟು. ತಾರೀಖು ಹಾಕಿ ಬರೆದಿಡಿ. 4 ಇದ್ದದ್ದು ಮೂರು ದಿನದಲ್ಲಿ 3ಕ್ಕೆ ಇಳಿಯಿತು ಎಂಬ ಒಂದು ಸಾಲು ಡಾಕ್ಟರಿಗೆ ಯಾವ ಸ್ಕ್ಯಾನಿಂಗಿಗಿಂತ ಹೆಚ್ಚು ಹೇಳುತ್ತದೆ.

ಕಾಲಿನ ಪರೀಕ್ಷೆ

ಬರಿಗಾಲಲ್ಲಿ, ಗೋಡೆ ಪಕ್ಕ, ಒಬ್ಬರು ಜೊತೆಗಿದ್ದು ಮಾಡಿ. ಮೊದಲು ಹಿಮ್ಮಡಿಯ ಮೇಲೆ ಹತ್ತು ಹೆಜ್ಜೆ, ಬೆರಳುಗಳನ್ನು ಮೇಲೆತ್ತಿಕೊಂಡು. ಒಂದು ಪಾದದ ಮುಂಭಾಗ ಕೆಳಗೆ ಬಿದ್ದರೆ ಪಾದ ಎತ್ತುವ ಸ್ನಾಯು ಸೋತಿದೆ. ಆಸ್ಪತ್ರೆಯಲ್ಲಿ ಇದನ್ನು ಫುಟ್ ಡ್ರಾಪ್ ಎನ್ನುತ್ತಾರೆ. ಆಮೇಲೆ ಗೋಡೆ ಮುಟ್ಟಿಕೊಂಡು ಒಂದೇ ಕಾಲಲ್ಲಿ ತುದಿಗಾಲ ಮೇಲೆ ಹತ್ತು ಸಲ ಎದ್ದಿಳಿಯಿರಿ. ಮೀನಖಂಡ ಎಷ್ಟು ಬಲವಾದ ಸ್ನಾಯು ಎಂದರೆ ಅರ್ಧ ಶಕ್ತಿ ಹೋಗಿದ್ದರೂ ಕೈಯಲ್ಲಿ ಒತ್ತಿ ನೋಡಿದಾಗ ಗೊತ್ತಾಗುವುದಿಲ್ಲ. ದೇಹದ ಭಾರ ಹೊರಿಸಿದರೆ ಮಾತ್ರ ಬಣ್ಣ ಬಯಲಾಗುತ್ತದೆ: ಒಂದು ಕಾಲು ಹತ್ತು ಸಲ ಏಳುತ್ತದೆ, ಇನ್ನೊಂದು ಮೂರಕ್ಕೆ ಸುಸ್ತು.

ಮೂರನೆಯದು, ಕೈ ಊರದೆ ಕುಕ್ಕರುಗಾಲಿನಿಂದ ಏಳುವುದು. ಇದು ಆಗದೆ, ತುದಿಗಾಲು, ಹಿಮ್ಮಡಿ ಎರಡೂ ಚೆನ್ನಾಗಿದ್ದರೆ ಸೊಂಟ, ತೊಡೆಯ ದೊಡ್ಡ ಸ್ನಾಯುಗಳ ಕಡೆ ನೋಡಬೇಕು. ಎರಡೂ ಬದಿ ಸಮನಾಗಿ ಹೀಗಾಗಿ, ತಲೆ ಬಾಚಲು, ಬಿಂದಿಗೆ ತಲೆಗೇರಿಸಲು ಸಹ ಕಷ್ಟವಾದರೆ ಅದು ನರಕ್ಕಿಂತ ಸ್ನಾಯುವಿನದೇ ಕಾಯಿಲೆ ಇರುವ ಸಂಭವ ಹೆಚ್ಚು. ನರದ ಕಾಯಿಲೆ ಸಾಮಾನ್ಯವಾಗಿ ತುದಿಯಿಂದ ಶುರುವಾಗುತ್ತದೆ: ಬೀಗದ ಕೈ ತಿರುಗಿಸಲಾಗದು, ಗುಂಡಿ ಹಾಕಲಾಗದು, ಚಪ್ಪಲಿ ಕಳಚಿಹೋದದ್ದು ನಾಲ್ಕು ಹೆಜ್ಜೆ ನಡೆದ ಮೇಲೆ ಗೊತ್ತಾಗುತ್ತದೆ.

ಈಗ ಫುಟ್ ಡ್ರಾಪ್ ಸಿಕ್ಕಿದೆ ಎಂದುಕೊಳ್ಳಿ. ತೊಂದರೆ ಮೊಣಕಾಲಲ್ಲೋ ಸೊಂಟದಲ್ಲೋ? ಇದಕ್ಕೊಂದು ಸರಳ ಉಪಾಯವಿದೆ, ಅದು ಬಹಳ ಜನರ ದುಡ್ಡು ಉಳಿಸಬಲ್ಲದು. ಕುರ್ಚಿ ಮೇಲೆ ಕೂತು ಪಾದವನ್ನು ನೆಲದಿಂದ ಸ್ವಲ್ಪ ಎತ್ತಿ, ಅಂಗಾಲು ಇನ್ನೊಂದು ಕಾಲನ್ನು ನೋಡುವಂತೆ ಒಳಕ್ಕೆ ತಿರುಗಿಸಿ. ಇನ್ನೊಬ್ಬರು ಹೆಬ್ಬೆರಳ ಬುಡದ ಹತ್ತಿರ ಕೈಯಿಟ್ಟು ಹೊರಕ್ಕೆ ತಳ್ಳಲಿ. ಮೇಲೆತ್ತಲು, ಹೊರಕ್ಕೆ ತಿರುಗಿಸಲು ಆಗದೆ, ಒಳಕ್ಕೆ ತಿರುಗಿಸುವ ಬಲ ಮಾತ್ರ ಪೂರ್ತಿ ಇದ್ದರೆ ಪೆಟ್ಟು ಬಿದ್ದಿರುವುದು ಮೊಣಕಾಲಿನ ಹೊರಬದಿಯ ಪೆರೋನಿಯಲ್ ನರಕ್ಕೆ. ಒಳಕ್ಕೆ ತಿರುಗಿಸುವ ಬಲವೂ ಹೋಗಿ, ಮಲಗಿ ಕಾಲನ್ನು ಪಕ್ಕಕ್ಕೆ ಎತ್ತಲೂ ಕಷ್ಟವಾಗಿ, ಸೊಂಟದಿಂದ ಕಾಲಿಗೆ ಸೆಳೆತ ಇದ್ದರೆ ಬೆನ್ನುಮೂಳೆಯ ಹತ್ತಿರ ನರದ ಬೇರು ಒತ್ತಿಕೊಂಡಿದೆ. ಈ ಒಂದು ನಿಮಿಷದ ಪರೀಕ್ಷೆ ಬಿಟ್ಟು ನೇರ ಸೊಂಟದ ಎಂಆರ್‌ಐ ಮಾಡಿಸಿದರೆ ಏನಾಗುತ್ತದೆ? ನಲವತ್ತು ದಾಟಿದವರಲ್ಲಿ ಏನೂ ತೊಂದರೆ ಇಲ್ಲದವರಿಗೂ ಡಿಸ್ಕ್ ಸ್ವಲ್ಪ ಉಬ್ಬಿರುವುದು ಸಾಮಾನ್ಯ. ರಿಪೋರ್ಟಿನಲ್ಲಿ ಅದು ಬರುತ್ತದೆ, ತಪ್ಪೆಲ್ಲ ಅದರ ತಲೆಗೆ ಬೀಳುತ್ತದೆ, ಮೊಣಕಾಲನ್ನು ಯಾರೂ ಮುಟ್ಟಿ ನೋಡುವುದಿಲ್ಲ.

ಮೊಣಕಾಲಿನ ಹೊರಬದಿ, ಸ್ವಲ್ಪ ಕೆಳಗೆ, ಗೋಲಿಯಂಥ ಮೂಳೆಯ ಗಂಟು ಕೈಗೆ ಸಿಗುತ್ತದೆ. ಪೆರೋನಿಯಲ್ ನರ ಅದರ ಕತ್ತನ್ನೇ ಸುತ್ತಿ ಹೋಗುತ್ತದೆ, ಮೇಲೆ ಕೊಬ್ಬಿನ ಹೊದಿಕೆಯೂ ಇಲ್ಲ. ಪಾವಗಡ, ಶಿರಾ, ಚಿಂತಾಮಣಿ ಕಡೆ ಕಡಲೆಕಾಯಿ ಕೀಳುವವರು, ಕೂತೇ ಕಳೆ ತೆಗೆಯುವವರು, ರಾಗಿ ಕೊಯ್ಯುವವರು ಗಂಟೆಗಟ್ಟಲೆ ಮಂಡಿ ಮಡಚಿ ಕೂತಾಗ ಆ ನರ ಸ್ನಾಯುವಿಗೂ ಮೂಳೆಗೂ ನಡುವೆ ಸಿಕ್ಕಿಕೊಳ್ಳುತ್ತದೆ. ಈಚೆಗೆ ಕಾಯಿಲೆಯಿಂದ ಬಹಳ ತೂಕ ಇಳಿದವರಿಗೆ, ಕಾಲ ಮೇಲೆ ಕಾಲು ಹಾಕಿ ಕೂರುವ ಅಭ್ಯಾಸದವರಿಗೆ, ಸಿಮೆಂಟ್ ಪಟ್ಟಿ ಮೊಣಕಾಲಿನವರೆಗೆ ಬಿಗಿಯಾಗಿರುವವರಿಗೆ ಕೂಡ ಇದೇ ಗತಿ. ಒತ್ತಡದಿಂದ ನರದ ಮೇಲಿನ ಕವಚ ಮಾತ್ರ ಕೆಟ್ಟಿದ್ದರೆ ಕೆಲವು ವಾರದಿಂದ ಮೂರು ತಿಂಗಳೊಳಗೆ ತಾನಾಗಿ ಬರುತ್ತದೆ, ಆದರೆ ಮತ್ತೆ ಅದೇ ಭಂಗಿಯಲ್ಲಿ ಕೂರಬಾರದು. ಅರ್ಧ ಗಂಟೆಗೊಮ್ಮೆ ಎದ್ದು ಕಾಲು ನೀಡಿ. ಎಂಟು ಹತ್ತು ಇಂಚಿನ ಮಣೆ ಹಾಕಿಕೊಂಡು ಕೂತರೆ ಮಂಡಿ ಅಷ್ಟು ಮಡಚುವುದಿಲ್ಲ.

ಪೃಷ್ಠಕ್ಕೆ ಇಂಜೆಕ್ಷನ್ ಹಾಕಿಸಿಕೊಂಡ ತಕ್ಷಣ ಕಾಲಿಗೆ ಕರೆಂಟ್ ಹೊಡೆದಂತಾಗಿ ಪಾದ ಬಿದ್ದರೆ ಸೂಜಿ ಸೊಂಟದಿಂದ ಕಾಲಿಗೆ ಇಳಿಯುವ ಸಯಾಟಿಕ್ ನರಕ್ಕೆ ತಾಗಿದೆ. ಪೃಷ್ಠವನ್ನು ನಾಲ್ಕು ಭಾಗ ಮಾಡಿದರೆ ಮೇಲಿನ ಹೊರಗಿನ ಭಾಗ ಮಾತ್ರ ಸುರಕ್ಷಿತ. ತೆಳ್ಳಗಿನ ಮಕ್ಕಳಿಗೆ ತೊಡೆಯ ಮುಂಹೊರಬದಿಯೇ ಲೇಸು.

ಕೈಯ ಮೂರು ನರ

ಕೈಗೆ ಮೂರು ಮುಖ್ಯ ನರ, ಮೂರಕ್ಕೂ ಒಂದೊಂದು ಗುರುತು. ಮಣಿಕಟ್ಟನ್ನು ಮೇಲಕ್ಕೆತ್ತಲು ಆಗದೆ ಹಸ್ತ ಬಾಡಿದ ಎಲೆಯಂತೆ ಕೆಳಗೆ ಜೋತುಬಿದ್ದರೆ ರೇಡಿಯಲ್ ನರ. ಕುಡಿದು ಅಥವಾ ವಿಪರೀತ ದಣಿದು ಕುರ್ಚಿಯ ಬೆನ್ನಿನ ಮೇಲೆ ತೋಳು ಹಾಕಿ ಮಲಗಿ ಎದ್ದವರಲ್ಲಿ, ತೋಳಿನ ಮೂಳೆ ಮುರಿದವರಲ್ಲಿ ಇದು ಹೆಚ್ಚು. ಬೆಳಗ್ಗೆ ಎದ್ದಾಗ ಹೀಗಾದರೆ "ಲಕ್ವ ಹೊಡೆಯಿತು" ಎಂದು ಮನೆ ತುಂಬ ಗಾಬರಿ. ನೋಡಿಕೊಳ್ಳಿ: ಲಕ್ವದಲ್ಲಿ ಮುಖ, ಮಾತು, ಅದೇ ಬದಿಯ ಕಾಲು ಯಾವುದಾದರೂ ಒಂದು ಸೇರಿಕೊಂಡಿರುವುದು ಸಾಮಾನ್ಯ; ರೇಡಿಯಲ್ ನರದಲ್ಲಿ ಮೊಣಕೈ ಮಡಚುವುದು ಚೆನ್ನಾಗಿರುತ್ತದೆ, ಹೆಬ್ಬೆರಳ ಬುಡದ ಹಿಂಬದಿ ಚರ್ಮ ಮಾತ್ರ ಮರಗಟ್ಟಿರುತ್ತದೆ. ಅನುಮಾನವಿದ್ದರೆ ಲಕ್ವ ಎಂದೇ ಹಿಡಿದು ಹೊರಡಿ. ಇನ್ನೊಂದು ಮೋಸವಿದೆ. ಮಣಿಕಟ್ಟು ಬಿದ್ದಾಗ ಹಿಡಿತವೂ ಸೋತಂತೆ ಕಾಣುತ್ತದೆ, ಮುದ್ದೆ ತಿರುವುವ ಕೋಲು ಕೈಯಿಂದ ಜಾರುತ್ತದೆ. ಇನ್ನೊಬ್ಬರು ಮಣಿಕಟ್ಟನ್ನು ನೇರವಾಗಿ ಎತ್ತಿ ಹಿಡಿದು ಮತ್ತೆ ಹಿಸುಕಲು ಹೇಳಲಿ: ಹಿಡಿತ ಹಿಂತಿರುಗಿದರೆ ಕೈಯ ಉಳಿದೆರಡು ನರಗಳಾದ ಮೀಡಿಯನ್, ಅಲ್ನಾರ್ ಎರಡೂ ಚೆನ್ನಾಗಿವೆ.

ಮೀಡಿಯನ್ ನರ ಮಣಿಕಟ್ಟಿನ ಒಳಬದಿಯ ಇಕ್ಕಟ್ಟಾದ ಸುರಂಗದಲ್ಲಿ ಒಂಬತ್ತು ಸ್ನಾಯು ಹುರಿಗಳ ಜೊತೆ ಹಾದುಹೋಗುತ್ತದೆ. ಎರಡು ಹೊತ್ತೂ ನಾಲ್ಕೈದು ಹಸು ಕೈಯಲ್ಲೇ ಕರೆಯುವವರು, ಶಿಡ್ಲಘಟ್ಟದ ಚರಕಗಳಲ್ಲಿ ರೇಷ್ಮೆ ನೂಲು ತೆಗೆಯುವವರು, ಹೊಲಿಗೆಯವರು ರಾತ್ರಿ ಎರಡು ಮೂರು ಗಂಟೆಗೆ ಕೈ ಜುಮ್ಮೆಂದು ಎಚ್ಚರವಾಗಿ ಕೈ ಕೊಡವುತ್ತಾರೆ. ಕೊಡವಿದರೆ ಸರಿಹೋಗುವುದೇ ಇದರ ಗುರುತು. ಜೋಮು ಹೆಬ್ಬೆರಳು, ತೋರುಬೆರಳು, ನಡುಬೆರಳು, ಉಂಗುರದ ಬೆರಳಿನ ಅರ್ಧಕ್ಕೆ ಇರುತ್ತದೆ, ಕಿರುಬೆರಳಿಗೆ ಇರುವುದಿಲ್ಲ. ಜೋಮು ಮಾತ್ರ ಇರುವಷ್ಟು ದಿನ ಇನ್ನೂ ಕಾಲಾವಕಾಶವಿದೆ. ಅಂಗೈ ಮೇಲೆ ಮಾಡಿ ಮೇಜಿನ ಮೇಲಿಟ್ಟು ಹೆಬ್ಬೆರಳನ್ನು ನೇರ ಸೂರಿನ ಕಡೆ ಎತ್ತಿ. ಒತ್ತಿದಾಗ ಬಿದ್ದರೆ, ಹೆಬ್ಬೆರಳ ಬುಡದ ಮಾಂಸದ ದಿಂಡು ಒಂದು ಕೈಯಲ್ಲಿ ತಟ್ಟೆಯಾಗಿ ಕಂಡರೆ ತಡ ಮಾಡುವ ಹಾಗಿಲ್ಲ. ರಾತ್ರಿ ಮಣಿಕಟ್ಟು ನೇರ ಇರಿಸುವ ಪಟ್ಟಿಯಿಂದ ಅಲ್ಲಿಯವರೆಗೆ ಗುಣವಾಗುತ್ತಿದ್ದದ್ದಕ್ಕೆ ಇನ್ನು ಸಣ್ಣ ಆಪರೇಷನ್ ಬೇಕಾಗಬಹುದು.

ಅಲ್ನಾರ್ ನರಕ್ಕೆ ಕಾಗದದ ಪರೀಕ್ಷೆ. ಎರಡು ಕೈಯ ಹೆಬ್ಬೆರಳು ಮತ್ತು ತೋರುಬೆರಳ ಪಕ್ಕದ ನಡುವೆ ಒಂದು ಬಸ್ ಟಿಕೆಟ್ಟನ್ನು ಎರಡೂ ಬದಿಯಿಂದ ಹಿಡಿದು ಎಳೆಯಿರಿ. ಚೆನ್ನಾಗಿರುವ ಕೈಯ ಹೆಬ್ಬೆರಳು ನೇರವಾಗಿದ್ದು, ಸೋತ ಕೈಯ ಹೆಬ್ಬೆರಳಿನ ತುದಿ ಕೊಕ್ಕೆಯಂತೆ ಮಡಚಿಕೊಂಡರೆ ಅದು ಅಲ್ನಾರ್. ಬೆರಳುಗಳನ್ನು ಅಗಲಿಸುವ, ಸೇರಿಸುವ ಬಲವೂ ಹೋಗಿರುತ್ತದೆ. ಹಸ್ತದ ಹಿಂಬದಿ, ಹೆಬ್ಬೆರಳಿಗೂ ತೋರುಬೆರಳಿಗೂ ನಡುವಿನ ಮಾಂಸ ಇಂಗಿ ಗುಂಡಿ ಬಿದ್ದಿದೆಯೇ ನೋಡಿ. ಕಿರುಬೆರಳು ಮರಗಟ್ಟಿರುತ್ತದೆ.

ಮೊಣಕೈ ಮುಟ್ಟಿ ನೋಡುವುದು

ಅಲ್ನಾರ್ ನರದ ಮಾತು ಬಂದಾಗ ಕುಷ್ಠರೋಗವನ್ನು ಬಿಟ್ಟು ಮುಂದೆ ಹೋಗುವಂತಿಲ್ಲ. ಮೊಣಕೈಯ ಒಳಬದಿ, ತಾಗಿದರೆ ಕರೆಂಟ್ ಹೊಡೆದಂತಾಗುವ ಜಾಗದಲ್ಲಿ, ಎರಡು ಮೂಳೆಗಳ ನಡುವಿನ ಕಾಲುವೆಯಲ್ಲಿ ಬೆರಳಿಂದ ಮೃದುವಾಗಿ ಅಡ್ಡಡ್ಡ ಉರುಳಿಸಿ ನೋಡಿ. ನರ ಇನ್ನೊಂದು ಬದಿಗಿಂತ ದಪ್ಪವಾಗಿ ಹಗ್ಗದಂತೆ ಸಿಕ್ಕರೆ, ಮುಟ್ಟಿದರೆ ನೋಯುತ್ತಿದ್ದರೆ, ಮೈಮೇಲೆ ಎಲ್ಲಾದರೂ ಸುತ್ತಲಿನ ಬಣ್ಣಕ್ಕಿಂತ ತಿಳಿಯಾದ ಅಥವಾ ಕೆಂಚಗಿನ ಮಚ್ಚೆ ಇದ್ದು ಅಲ್ಲಿ ಬೆವರು ಬರದೆ, ಹತ್ತಿಯ ಎಳೆ ತಾಗಿದ್ದು ಗೊತ್ತಾಗದಿದ್ದರೆ, ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿ. ಆಶಾ ಕಾರ್ಯಕರ್ತೆಗೆ ಹೇಳಿದರೂ ಆಯಿತು. ಔಷಧ ಅಲ್ಲಿ ಉಚಿತ, 6 ಅಥವಾ 12 ತಿಂಗಳ ಕೋರ್ಸ್, ಪೂರ್ತಿ ವಾಸಿಯಾಗುತ್ತದೆ. ಆದರೆ ಔಷಧ ರೋಗಾಣುವನ್ನು ಕೊಲ್ಲುತ್ತದೆಯೇ ಹೊರತು ಸತ್ತ ನರವನ್ನು ಎಬ್ಬಿಸುವುದಿಲ್ಲ. ಕೈಬೆರಳು ಸೋತು ಆರು ತಿಂಗಳೊಳಗೆ ಬಂದರೆ ಸ್ಟೀರಾಯ್ಡ್ ಕೊಟ್ಟು ಬಲ ಮರಳಿಸುವ ಅವಕಾಶ ಇದೆ, ಆಮೇಲೆ ಅದು ಕಮ್ಮಿಯಾಗುತ್ತ ಹೋಗುತ್ತದೆ. ನಾಚಿಕೆಯಿಂದ ಮಚ್ಚೆ ಮುಚ್ಚಿಟ್ಟವರು ಕಳೆದುಕೊಳ್ಳುವುದು ಈ ಆರು ತಿಂಗಳನ್ನೇ.

ಸ್ಪರ್ಶ ಹೋದ ಕೈ ಬಿಸಿ ಗೊತ್ತಾಗದೆ ಬೇಯುತ್ತದೆ. ರೇಷ್ಮೆಗೂಡು ಬೇಯುವ ಬಿಸಿನೀರಿಗೆ ದಿನವಿಡೀ ಕೈ ಹಾಕಿ ನೂಲು ತೆಗೆಯುವ ರೀಲರುಗಳಲ್ಲಿ ಬೊಬ್ಬೆ ಬರುವುದು ಹೊಸದಲ್ಲ. ಬೊಬ್ಬೆ ಬಂದದ್ದು ಉರಿಯಿಂದ ತಿಳಿಯದೆ ಕಣ್ಣಿಂದ ತಿಳಿದರೆ, ಅಲ್ಲಿ ಎಚ್ಚರ ಬೇಕು.

ಎಷ್ಟು ಹೊತ್ತಿನಲ್ಲಿ ಶುರುವಾಯಿತು

ಕಾರಣ ಹುಡುಕುವಾಗ ಜಾಗದಷ್ಟೇ ಮುಖ್ಯ ವೇಗ. ಕ್ಷಣದಲ್ಲಿ ಒಂದು ಬದಿ ಬಿದ್ದರೆ ಅದು ನರದ್ದಲ್ಲ, ಮಿದುಳಿನ ಲಕ್ವ. ಹೆಪ್ಪುಗಟ್ಟಿದ ರಕ್ತ ಕರಗಿಸುವ ಇಂಜೆಕ್ಷನ್ನಿಗೆ ಸಿಗುವ ಕಾಲ ನಾಲ್ಕೂವರೆ ಗಂಟೆ, ಅದೂ ಸಿಟಿ ಸ್ಕ್ಯಾನ್ ಆದ ಮೇಲೆ. ತುಮಕೂರು, ಕೋಲಾರ ಎರಡೂ ಬೆಂಗಳೂರಿನಿಂದ ಸುಮಾರು 70 ಕಿಲೋಮೀಟರ್, ಚಿಕ್ಕಬಳ್ಳಾಪುರ 60ರ ಆಸುಪಾಸು. ಪಾವಗಡ, ಬಾಗೇಪಲ್ಲಿಯವರಿಗೆ ದಾರಿ ಇನ್ನೂ ಉದ್ದ. 108ಕ್ಕೆ ಫೋನ್ ಮಾಡುವಾಗಲೇ "ಲಕ್ವ ಅನುಮಾನ, ಇಷ್ಟು ಗಂಟೆಗೆ ಶುರುವಾಯಿತು" ಎಂದು ಹೇಳಿ. ಎದ್ದಾಗಲೇ ಹೀಗಿತ್ತು ಎಂದಾದರೆ, ಚೆನ್ನಾಗಿದ್ದದ್ದನ್ನು ಕೊನೆಗೆ ಯಾವಾಗ ನೋಡಿದಿರಿ ಎಂಬುದನ್ನೇ ಲೆಕ್ಕಕ್ಕೆ ಹಿಡಿಯುತ್ತಾರೆ.

ಮುಖ ಒಂದೇ ಬದಿ ಸೊಟ್ಟಗಾದರೆ ಹಣೆ ನೋಡಿ. ಹುಬ್ಬೇರಿಸಿದಾಗ ಹಣೆಯ ಗೆರೆ ಎರಡೂ ಬದಿ ಮೂಡಿ, ಬಾಯಿ ಮಾತ್ರ ಸೊಟ್ಟಗಿದ್ದರೆ ಮಿದುಳಿನದು. ಹಣೆ, ಕಣ್ಣು, ಬಾಯಿ ಮೂರೂ ಒಂದೇ ಬದಿ ಸೋತಿದ್ದರೆ ಮುಖದ ನರದ್ದು, ಬೆಲ್ಸ್ ಪಾಲ್ಸಿ. ಇದರಲ್ಲಿ ಹೆಚ್ಚಿನವರು ಗುಣವಾಗುತ್ತಾರೆ, ಆದರೂ ಸ್ಟೀರಾಯ್ಡ್ ಮಾತ್ರೆ 72 ಗಂಟೆಯೊಳಗೆ ಶುರುವಾದರೆ ಒಳ್ಳೆಯದು. ಮುಚ್ಚದ ಕಣ್ಣಿಗೆ ಹಗಲು ಹನಿ, ರಾತ್ರಿ ಮುಲಾಮು ಹಾಕಿ ಮುಚ್ಚಬೇಕು.

ದಿನಗಳಲ್ಲಿ ಏರುವ ಬಲಹೀನತೆ ಎಲ್ಲಕ್ಕಿಂತ ಭಯಪಡಬೇಕಾದದ್ದು. ಭೇದಿಯೋ ನೆಗಡಿಯೋ ಬಂದು ಒಂದರಿಂದ ಮೂರು ವಾರವಾದ ಮೇಲೆ ಎರಡೂ ಪಾದ ಜುಮ್ಮೆಂದು, ಮರುದಿನ ಮೆಟ್ಟಿಲು ಹತ್ತಲಾಗದೆ, ಮೂರನೇ ದಿನ ಕೈಗೂ ಬಂದರೆ ಅದು ಗೀಯಾಂ ಬಾರೇ ಎಂಬ ನರದ ಕಾಯಿಲೆ ಇರಬಹುದು, ಆಸ್ಪತ್ರೆಯಲ್ಲಿ ಜಿಬಿಎಸ್ ಎನ್ನುತ್ತಾರೆ. 2025ರ ಜನವರಿಯಲ್ಲಿ ಪುಣೆಯಲ್ಲಿ ಒಟ್ಟೊಟ್ಟಿಗೆ ಹಲವರಿಗೆ ಬಂದು ಸುದ್ದಿಯಾದದ್ದು ಇದೇ. ಇಲ್ಲಿ ಕಾಲಿನ ಬಲಕ್ಕಿಂತ ಉಸಿರು ನೋಡಬೇಕು. ಪೂರ್ತಿ ಉಸಿರೆಳೆದು ಒಂದೇ ಉಸಿರಲ್ಲಿ, ಸೆಕೆಂಡಿಗೆ ಎರಡರಂತೆ ಗಟ್ಟಿಯಾಗಿ ಎಣಿಸಲು ಹೇಳಿ. ಇಪ್ಪತ್ತೊಂದು, ಇಪ್ಪತ್ತೆರಡು ಎಂದು ಹೋದರೆ ಕನ್ನಡದಲ್ಲಿ ಪದಗಳೇ ಉದ್ದವಾಗಿ ಲೆಕ್ಕ ಕೆಡುತ್ತದೆ. ಒಂದರಿಂದ ಹತ್ತು ಮತ್ತೆ ಮತ್ತೆ ಎಣಿಸಲಿ, ನೀವು ಹತ್ತಕ್ಕೊಂದು ಬೆರಳು ಮಡಚಿ. ಆರೋಗ್ಯವಂತರು ನಲವತ್ತರ ಆಸುಪಾಸು ಹೋಗುತ್ತಾರೆ. ಇಪ್ಪತ್ತು ದಾಟದಿದ್ದರೆ, ದಿಂಬಿನಿಂದ ತಲೆ ಎತ್ತಲಾಗದಿದ್ದರೆ, ನೀರು ಕುಡಿದರೆ ಕೆಮ್ಮು ಬಂದರೆ ವೆಂಟಿಲೇಟರ್ ಇರುವ ಆಸ್ಪತ್ರೆಗೇ ನೇರ ಹೋಗಬೇಕು, ರಾತ್ರಿಯಾದರೂ ಸರಿ. ಇದಕ್ಕೆ ಐವಿಐಜಿ (ರಕ್ತನಾಳಕ್ಕೆ ಹಾಕುವ ಪ್ರತಿಕಾಯಗಳ ಔಷಧ) ಅಥವಾ ರಕ್ತದ ದ್ರವಭಾಗವಾದ ಪ್ಲಾಸ್ಮಾ ಬದಲಾಯಿಸುವ ಚಿಕಿತ್ಸೆ ಇದೆ, ಸ್ಟೀರಾಯ್ಡ್ ಕೆಲಸ ಮಾಡುವುದಿಲ್ಲ. ಹದಿನೈದು ವರ್ಷದೊಳಗಿನ ಮಗುವಿಗೆ ಹೀಗೆ ಕಾಲು ಸೋತರೆ ಪೋಲಿಯೋ ಅಲ್ಲವೆಂದು ಖಚಿತಪಡಿಸಿಕೊಳ್ಳಲು 14 ದಿನದೊಳಗೆ, 24 ಗಂಟೆ ಅಂತರದಲ್ಲಿ ಎರಡು ಸಲ ಮಲದ ಮಾದರಿ ತೆಗೆಯುತ್ತಾರೆ. ಭಾರತದಲ್ಲಿ ಕಾಡು ಪೋಲಿಯೋದ ಕೊನೆಯ ಪ್ರಕರಣ 2011ರ ಜನವರಿಯದು, ಆದರೂ ಈ ಕಾವಲು ನಿಂತಿಲ್ಲ. ಬೇಡ ಎನ್ನಬೇಡಿ.

ಎರಡೂ ಕಾಲು ಸೋತು, ಮೂತ್ರ ಕಟ್ಟಿ, ಸೈಕಲ್ ಸೀಟು ತಾಗುವ ಜಾಗ ಮರಗಟ್ಟಿದರೆ ಬೆನ್ನುಮೂಳೆಯ ಕೆಳತುದಿಯ ನರಗಳ ಗುಚ್ಛ ಒತ್ತಿಕೊಂಡಿದೆ. ಇದು ಗಂಟೆಗಳ ಲೆಕ್ಕದ ಆಪರೇಷನ್ ಕೇಸು, ಎರಡು ದಿನ ದಾಟಿದರೆ ಮೂತ್ರದ ಹಿಡಿತ ಕಾಯಂ ಹೋಗಬಹುದು.

ತಿಂಗಳು, ವರ್ಷಗಳಲ್ಲಿ ನಿಧಾನವಾಗಿ ಎರಡೂ ಪಾದದಿಂದ ಕಾಲುಚೀಲದ ಆಕಾರದಲ್ಲಿ ಏರುವುದು ಹೆಚ್ಚಾಗಿ ಸಕ್ಕರೆ ಕಾಯಿಲೆಯದು. ಸಕ್ಕರೆ ಕಾಯಿಲೆಯ ಮೆಟ್‌ಫಾರ್ಮಿನ್ ಮಾತ್ರೆ ವರ್ಷಗಟ್ಟಲೆ ತಿನ್ನುವವರಲ್ಲಿ, ಹಾಲು ಮೊಸರೂ ಕಮ್ಮಿ ಇರುವ ಸಸ್ಯಾಹಾರಿಗಳಲ್ಲಿ ಬಿ12 ಕೂಡ ನೋಡಿಸಿ. ಮಿಲಿಲೀಟರಿಗೆ 200 ಪಿಕೋಗ್ರಾಂಗಿಂತ ಕಡಿಮೆ ಇದ್ದರೆ ಕೊರತೆ. ಅಂಗಡಿಯಲ್ಲಿ ಕೇಳಿ ತಂದ "ನರದ ಮಾತ್ರೆ"ಯನ್ನು ವರ್ಷಾನುಗಟ್ಟಲೆ ನುಂಗುವುದು ಬೇಡ. ಅದರಲ್ಲಿರುವ ಬಿ6 ಅತಿಯಾದರೆ ಅದೇ ನರವನ್ನು ಕೆಡಿಸುತ್ತದೆ.

ನಮ್ಮ ಕಡೆಗೆ ವಿಶೇಷವಾದವು

ಟೊಮೆಟೊ, ದ್ರಾಕ್ಷಿಗೆ ಔಷಧಿ ಹೊಡೆಯುವ ಊರುಗಳಲ್ಲಿ ಆರ್ಗನೊಫಾಸ್ಫೇಟ್ ಎಂಬ ಕೀಟನಾಶಕದ ವಿಷ ಎರಡು ಸಲ ಹೊಡೆಯುತ್ತದೆ. ಮೊದಲ ದಿನದ ವಾಂತಿ, ಜೊಲ್ಲು, ಬೆವರು ನಿಂತು ಎಲ್ಲ ಸರಿಹೋಯಿತು ಎನ್ನುವಾಗ, ಒಂದರಿಂದ ನಾಲ್ಕು ದಿನದೊಳಗೆ ಕತ್ತು ಎತ್ತಲಾಗದೆ ಉಸಿರು ಸೋಲಬಹುದು. ಅದಕ್ಕೇ ಬೇಗ ಡಿಸ್ಚಾರ್ಜ್ ಕೇಳಬೇಡಿ. ಕೆಲವು ಔಷಧಿಗಳಿಂದ ಎರಡು ಮೂರು ವಾರದ ನಂತರ ಮೀನಖಂಡ ಹಿಡಿದುಕೊಂಡು ಎರಡೂ ಪಾದ ಬೀಳುತ್ತವೆ. ಆಗ ಹಳೆಯ ವಿಷದ ಮಾತನ್ನು ಡಾಕ್ಟರಿಗೆ ಹೇಳುವವರೇ ಇರುವುದಿಲ್ಲ. ಡಬ್ಬಿಯ ಲೇಬಲ್ ಫೋಟೊ ಇಟ್ಟುಕೊಳ್ಳಿ.

ಬೋರ್‌ವೆಲ್ ನೀರಿನ ಫ್ಲೋರೈಡ್ ಪಾವಗಡ, ಬಾಗೇಪಲ್ಲಿ ಕಡೆಯ ಹಳೆ ಗೋಳು. ಕುಡಿಯುವ ನೀರಲ್ಲಿ ಲೀಟರಿಗೆ 1 ಮಿಲಿಗ್ರಾಂ ಒಳಗೆ ಇರಬೇಕು, ಬೇರೆ ನೀರಿಲ್ಲದಿದ್ದರೆ 1.5ರವರೆಗೆ. ಹತ್ತಾರು ವರ್ಷ ಅದಕ್ಕಿಂತ ಹೆಚ್ಚು ಕುಡಿದರೆ ಬೆನ್ನುಮೂಳೆ ಬೆಳೆದು ಬೆನ್ನುಹುರಿಯನ್ನೇ ಒತ್ತುತ್ತದೆ. ಇಲ್ಲಿ ಗುರುತು ಬೇರೆ: ಕಾಲು ಜೋತುಬೀಳುವುದಿಲ್ಲ, ಕೋಲಿನಂತೆ ಬಿಗಿಯಾಗುತ್ತದೆ, ಕತ್ತು ತಿರುಗಿಸಲು ಇಡೀ ಮೈ ತಿರುಗಿಸಬೇಕಾಗುತ್ತದೆ. ನರ ಸೋತರೆ ಸಡಿಲ, ಬೆನ್ನುಹುರಿಯೋ ಮಿದುಳೋ ಸೋತರೆ ದಿನ ಕಳೆದಂತೆ ಬಿಗಿತ, ಈ ಒಂದು ಭೇದ ನೆನಪಿರಲಿ.

ಹದಿನೈದರಿಂದ ಇಪ್ಪತ್ತೈದರೊಳಗಿನ ಹುಡುಗನ ಒಂದೇ ಕೈ ಸಣ್ಣಗಾಗುತ್ತ, ಚಳಿಯಲ್ಲಿ ಬೆರಳು ಇನ್ನೂ ಮೊಂಡಾಗುತ್ತ, ಜೋಮು ನೋವು ಏನೂ ಇಲ್ಲದಿದ್ದರೆ ಹಿರಾಯಾಮ ಕಾಯಿಲೆ ನೆನೆಯಬೇಕು. ಜಪಾನಿನಲ್ಲಿ 1959ರಲ್ಲಿ ಮೊದಲು ವಿವರಿಸಿದ್ದು, ನಿಮ್ಹಾನ್ಸ್‌ನ ಡಾ. ಎಂ. ಗೌರಿದೇವಿ ಮತ್ತು ಸಂಗಡಿಗರು ಒಂದೇ ಕೈ ಅಥವಾ ಒಂದೇ ಕಾಲು ಸಣ್ಣಗಾಗುವ ಇಂಥ ಕಾಯಿಲೆಯನ್ನು ಮೊನೊಮೆಲಿಕ್ ಅಮಯೊಟ್ರಫಿ ಎಂಬ ಹೆಸರಲ್ಲಿ 1984ರಲ್ಲಿ ವರದಿ ಮಾಡಿದರು. ಹಿರಾಯಾಮದಲ್ಲಿ ಕತ್ತು ಬಗ್ಗಿಸಿದಾಗ ಬೆನ್ನುಹುರಿ ಮುಂದಕ್ಕೆ ತಳ್ಳಿಹೋಗಿ ಒತ್ತುತ್ತದೆ. ಆದ್ದರಿಂದ ಕತ್ತು ಬಗ್ಗಿಸಿಯೇ ಎಂಆರ್‌ಐ ತೆಗೆಯಬೇಕು, ನೇರ ಮಲಗಿಸಿ ತೆಗೆದದ್ದರಲ್ಲಿ ನಾರ್ಮಲ್ ಎಂದು ಬರಬಹುದು. ಕೆಲವು ವರ್ಷ ಏರಿ ತಾನೇ ನಿಲ್ಲುತ್ತದೆ. ಬೇಗ ಗೊತ್ತಾದರೆ ಕತ್ತಿನ ಪಟ್ಟಿಯಿಂದ ಉಳಿಸಿಕೊಳ್ಳುವುದಿದೆ.

ನರದಂತೆ ಕಂಡು ನರದ್ದಲ್ಲದವೂ ಇವೆ. ನೆಲದ ಮೇಲೆ ಮಲಗಿದ್ದವರು ಬೆಳಗಿನ ಜಾವ ಹೊಟ್ಟೆನೋವೆಂದು ಎದ್ದು ರೆಪ್ಪೆ ಜೋತುಬಿದ್ದರೆ ಕಟ್ಟುಹಾವು ಕಡಿದಿರಬಹುದು, ಗಾಯದ ಗುರುತು ಹುಡುಕುತ್ತ ಕೂರಬೇಡಿ. ಸಂಜೆಗೆ ರೆಪ್ಪೆ ಬೀಳುವುದು, ಬೆಳಗ್ಗೆ ಸರಿ ಇರುವುದು ಮಯಸ್ತೇನಿಯಾ, ನರದ ಅಪ್ಪಣೆ ಸ್ನಾಯುವಿಗೆ ಸರಿಯಾಗಿ ದಾಟದ ಕಾಯಿಲೆ. ರಾತ್ರಿ ಹೊಟ್ಟೆ ತುಂಬ ಉಂಡು ಮಲಗಿದ ಯುವಕ ಬೆಳಗ್ಗೆ ಕೈಕಾಲು ಅಲುಗಿಸಲಾಗದೆ, ಸ್ಪರ್ಶ ಮಾತ್ರ ಪೂರ್ತಿ ಇದ್ದರೆ ರಕ್ತದ ಪೊಟ್ಯಾಸಿಯಂ ನೋಡಿಸಬೇಕು.

ಪರೀಕ್ಷೆ ಮತ್ತು ಕಾಯುವ ದಿನಗಳು

ನರದ ಕರೆಂಟ್ ಪರೀಕ್ಷೆಗೆ ಎನ್‌ಸಿಎಸ್, ಸ್ನಾಯುವಿನ ಸೂಜಿ ಪರೀಕ್ಷೆಗೆ ಇಎಂಜಿ ಎಂದು ಹೆಸರು. ಎಂಆರ್‌ಐ ತಂತಿಯ ಚಿತ್ರ ತೋರಿಸಿದರೆ ಇವು ಅದರಲ್ಲಿ ಕರೆಂಟ್ ಹರಿಯುತ್ತಿದೆಯೇ ಎಂದು ತೋರಿಸುತ್ತವೆ. ಪೆಟ್ಟಾದ ಮರುದಿನವೇ ಮಾಡಿಸಿದರೆ ಪೂರ್ತಿ ತುಂಡಾದ ನರವೂ ಪೆಟ್ಟಿನ ಕೆಳಗೆ ಚೆನ್ನಾಗಿದೆ ಎಂದೇ ತೋರಿಸಬಹುದು, ತುಂಡಾದ ಎಳೆ ಸಾಯಲು ಒಂದು ವಾರದಿಂದ ಹತ್ತು ದಿನ ಬೇಕು. ಇಎಂಜಿಯಲ್ಲಿ ಹಾನಿ ಕಾಣಲು ಎರಡು ಮೂರು ವಾರ. ಹಾಗಾಗಿ ಮೂರನೇ ವಾರದ ಪರೀಕ್ಷೆಗೆ ಬೆಲೆ ಹೆಚ್ಚು. ಕುಡುಗೋಲು, ಗಾಜು ತಾಗಿ ಬೆರಳು ಮೇಲೇಳದಿದ್ದರೆ ಮಾತ್ರ ಈ ಲೆಕ್ಕ ಅನ್ವಯಿಸದು. ಅದು ಅದೇ ದಿನ ನರ ಹೊಲಿಯಬಲ್ಲ ಸರ್ಜನ್ ನೋಡಬೇಕಾದ ಗಾಯ; ಚರ್ಮ ಮಾತ್ರ ಹೊಲಿಸಿಕೊಂಡು ಮನೆಗೆ ಬರಬೇಡಿ.

ಹೊಸದಾಗಿ ಬೆಳೆಯುವ ನರ ದಿನಕ್ಕೆ ಸುಮಾರು 1 ಮಿಲಿಮೀಟರ್, ಅಂದರೆ ತಿಂಗಳಿಗೆ ಒಂದು ಇಂಚು ಸಾಗುತ್ತದೆ. ಸ್ನಾಯು ನರವಿಲ್ಲದೆ ಬದುಕಿ ಕಾಯುವುದು ಹೆಚ್ಚೆಂದರೆ ಒಂದರಿಂದ ಒಂದೂವರೆ ವರ್ಷ. ಮೊಣಕೈಯಿಂದ ಹಸ್ತದ ಸಣ್ಣ ಸ್ನಾಯುಗಳಿಗೆ ಒಂದಡಿ ದೂರ ಎಂದರೆ ಹತ್ತು ಹನ್ನೆರಡು ತಿಂಗಳ ದಾರಿ. ಆರು ತಿಂಗಳು ಎಣ್ಣೆ ತಿಕ್ಕಿ ಆಮೇಲೆ ಬಂದರೆ ನರ ಹೊಲಿದರೂ ತಲುಪುವ ಹೊತ್ತಿಗೆ ಸ್ನಾಯು ನಾರಾಗಿರುತ್ತದೆ.

ಕಾಯುವ ಕಾಲದಲ್ಲಿ ಕೀಲು ಬಿಗಿಯದಂತೆ ನೋಡಿಕೊಳ್ಳುವುದೇ ಮನೆಯವರ ಕೆಲಸ. ಸೋತ ಪ್ರತಿ ಕೀಲನ್ನು ಇನ್ನೊಂದು ಕೈಯಿಂದ ಪೂರ್ತಿ ಹತ್ತು ಸಲ, ದಿನಕ್ಕೆ ಮೂರು ಹೊತ್ತು ಆಡಿಸಿ. ಮಣಿಕಟ್ಟು ಬಿದ್ದರೆ ಮೇಲೆತ್ತಿ ಹಿಡಿಯುವ ಪಟ್ಟಿ, ಪಾದ ಬಿದ್ದರೆ ಹಿಮ್ಮಡಿಯಿಂದ ಮೀನಖಂಡದವರೆಗೆ ಪಾದವನ್ನು ಎತ್ತಿ ಹಿಡಿಯುವ ಪ್ಲಾಸ್ಟಿಕ್ ಆಸರೆ, ಅದಕ್ಕೆ ಎಎಫ್‌ಒ ಎನ್ನುತ್ತಾರೆ. ಅದರ ಕೆಳಗೆ ಚರ್ಮ ಕೆಂಪಾಗಿದೆಯೇ ಎಂದು ದಿನಾ ರಾತ್ರಿ ನೋಡಬೇಕು, ಮರಗಟ್ಟಿದ ಕಾಲು ತಾನಾಗಿ ಹೇಳುವುದಿಲ್ಲ. ಬಿಸಿನೀರಿನ ಚೀಲ, ಕೆಂಡದ ಕಾವು ಬೇಡವೇ ಬೇಡ. ಬಿದಿರು ದಬ್ಬೆಯ ಬಿಗಿ ಕಟ್ಟು ಹಾಕಿಸಿಕೊಂಡಿದ್ದು, ಬೆರಳು ಊದಿ, ಮಡಚಿದ ಬೆರಳನ್ನು ಬಿಡಿಸಿದರೆ ಪ್ರಾಣ ಹೋಗುವಂಥ ನೋವಾದರೆ ಆ ಕಟ್ಟನ್ನು ಕಟ್ಟಿದವರು ಬರುವವರೆಗೆ ಕಾಯದೆ ಅಲ್ಲೇ ಕತ್ತರಿಸಿ ಬಿಚ್ಚಿ ಆಸ್ಪತ್ರೆಗೆ ಹೊರಡಿ.

ಮೀನಖಂಡದ ಸುತ್ತಳತೆಯನ್ನು ಎರಡೂ ಕಾಲಲ್ಲಿ ಮಂಡಿಚಿಪ್ಪಿನ ಕೆಳತುದಿಯಿಂದ 15 ಸೆಂಟಿಮೀಟರ್ ಕೆಳಗೆ ಪೆನ್ನಿನಿಂದ ಗುರುತು ಹಾಕಿ, ದರ್ಜಿ ಟೇಪಿನಿಂದ ವಾರಕ್ಕೊಮ್ಮೆ ಅಳೆಯಿರಿ. ಅರ್ಧ ಸೆಂಟಿಮೀಟರ್ ವ್ಯತ್ಯಾಸ ಎಲ್ಲರಿಗೂ ಇರುತ್ತದೆ, ಎರಡು ಸೆಂಟಿಮೀಟರ್ ಆದರೆ ಸ್ನಾಯು ಇಂಗುತ್ತಿದೆ. ಆಸ್ಪತ್ರೆಗೆ ಹೋಗುವಾಗ ಈ ಅಳತೆಯ ಚೀಟಿ, 0ರಿಂದ 5ರ ಲೆಕ್ಕ, ತಿನ್ನುವ ಎಲ್ಲ ಮಾತ್ರೆಗಳ ಪಟ್ಟಿ, ಹಿಮ್ಮಡಿಯ ಮೇಲೆ ನಡೆಯುವಾಗ ಮೊಬೈಲಲ್ಲಿ ತೆಗೆದ ಅರ್ಧ ನಿಮಿಷದ ವಿಡಿಯೊ ಇಟ್ಟುಕೊಳ್ಳಿ. ಪಂಚೆ, ಸೀರೆ ಮೊಣಕಾಲಿನವರೆಗೆ ಎತ್ತಿಕಟ್ಟಿದ್ದು, ಪಾದ ಪೂರ್ತಿ ಕಾಣುವಂತಿರಲಿ.